ಪುಟ್ಟ ಹಲಗೆಯ ಮೇಲೆ ಅದಿರು ಗಣಿ

ಪ್ರಶ್ನೆ: ನಾವು ಹುಬ್ಬಳ್ಳಿಯವರು, ವಾಸ್ಕೋದಲ್ಲಿ ನೆಲೆಸಿದ್ದೇವೆ. ನಾಲ್ಕು ಅಡಿಗೆ ಎರಡು ಅಡಿ ಪ್ಲೈವುಡ್ ಮೇಲೆ ಎನ್ ಸ್ಕೇಲ್ ಮಾದರಿ ರೈಲು ಹಾಕಿದ್ದೇನೆ. ಒಂದು ಮೂಲೆಯಲ್ಲಿ ಗೋವಾದ ಗಣಿ ತೋರಿಸುವ ಆಸೆ. ಗುಡ್ಡಕ್ಕೆ ಸುರಂಗ ಕೊರೆದು ರೈಲನ್ನು ಒಳಗೆ ಬಿಟ್ಟರೆ ಸಾಕೇ? ಅದಿರಿನ ನಿಜವಾದ ಪುಡಿಯನ್ನೇ ಬಳಸಬಹುದೇ?

ಉತ್ತರ: ಸುರಂಗ ಬೇಡ. ಗೋವಾದ ಕಬ್ಬಿಣದ ಗಣಿಗಳು ತೆರೆದ ಗಣಿಗಳು. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಅಗೆಯುತ್ತಾರೆ. ಎನ್ ಸ್ಕೇಲ್ ಎಂದರೆ 1:160, ಅಂದರೆ ನಿಜದ ಅಳತೆಯ 160ರಲ್ಲಿ ಒಂದು ಪಾಲು. ಐವತ್ತು ಮೀಟರ್ ಆಳದ ಹೊಂಡಕ್ಕೆ ನಿಮ್ಮ ಹಲಗೆಯಲ್ಲಿ 31 ಸೆಂ.ಮೀ. ಆಳ ಬೇಕು, ಅಗಲದ ಮಾತು ಬಿಡಿ. ಗಣಿಯನ್ನು ಹಿನ್ನೆಲೆಯ ಹಾಳೆಯಲ್ಲಿ ಕೆಂಪು ಮೆಟ್ಟಿಲುಗಳಾಗಿ ಬರೆದುಬಿಡಿ. ಕಟ್ಟಬೇಕಾದದ್ದು ಅದಿರು ರೈಲು ಹತ್ತುವ ಜಾಗ.

ಆದರೆ ಗೋವಾದ ಅದಿರು ಹೆಚ್ಚಾಗಿ ಹೋಗುತ್ತಿದ್ದುದು ಟಿಪ್ಪರಿನಲ್ಲಿ ನದಿ ದಡದ ಜೆಟ್ಟಿಗೆ (ದೋಣಿಗೆ ಸರಕು ತುಂಬುವ ಕಟ್ಟೆಗೆ), ಅಲ್ಲಿಂದ ಬಾರ್ಜ್ ಎಂಬ ಚಪ್ಪಟೆ ತಳದ ಸರಕು ದೋಣಿಯಲ್ಲಿ ಮಾಂಡೋವಿ, ಜುವಾರಿ ನದಿಗಳ ಮೇಲೆ ಮರ್ಮಗೋವಾ ಬಂದರಿಗೆ. ರೈಲಿನಲ್ಲಿ ಘಟ್ಟ ಇಳಿದು ಬಂದದ್ದು ನಮ್ಮ ಬಳ್ಳಾರಿ, ಹೊಸಪೇಟೆ ಕಡೆಯ ಅದಿರು, ಗೋವಾ ಗಡಿಯ ಕ್ಯಾಸಲ್‌ರಾಕ್ ನಿಲ್ದಾಣದ ದಾರಿಯಾಗಿ. ಹಾಗಾಗಿ ಆ ಮೂಲೆಯನ್ನು ಹೊಸಪೇಟೆ ಕಡೆಯ ಸೈಡಿಂಗ್ (ಸರಕು ತುಂಬಲು ಮುಖ್ಯ ಹಳಿಯಿಂದ ಕವಲೊಡೆದ ಪಕ್ಕದ ಹಳಿ) ಮಾಡಿ ಎಂಬುದು ನನ್ನ ಸಲಹೆ: ಹಳಿಯ ಪಕ್ಕ ಉದ್ದನೆಯ ಅದಿರು ರಾಶಿ, ಒಂದು ಲೋಡರ್, ಟಾರ್ಪಾಲು ಹೊದ್ದ ಎರಡು ಟಿಪ್ಪರ್. ಗೋವಾವೇ ಬೇಕೆಂದರೆ ಜೆಟ್ಟಿ ಕಟ್ಟಿ. ಆಗ ರೈಲಿಗೆ ಅಲ್ಲಿ ಕೆಲಸವಿರುವುದಿಲ್ಲ. ಜೆಟ್ಟಿ ಕಟ್ಟಿದರೆ ಕಾಲವನ್ನು 2012ಕ್ಕೆ ಮುಂಚೆ ಇಟ್ಟುಕೊಳ್ಳಿ, ಆ ವರ್ಷ ಸುಪ್ರೀಂ ಕೋರ್ಟ್ ಗೋವಾದ ಗಣಿಗಾರಿಕೆ ನಿಲ್ಲಿಸಿತು.

ನಿಜವಾದ ಅದಿರು ಬೇಡವೇ ಬೇಡ. ಅದರಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳಿದ್ದರೆ ಎಂಜಿನ್ನಿನ ಮೋಟಾರಿನೊಳಗೆ ಸೇರಿ ಅದನ್ನು ಕೆಡಿಸುತ್ತವೆ. ನುಣ್ಣನೆಯ ಮರಳನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಕಂದು ಕೆಂಪು ಬಣ್ಣ ಬಳಿದು ಒಣಗಿಸಿ. ಅಂಟಿಸಲು ನೀರು ಬೆರೆಸಿದ ಫೆವಿಕಾಲ್, ಅದಕ್ಕೊಂದು ಹನಿ ಪಾತ್ರೆ ತೊಳೆಯುವ ಸೋಪು. ಸೋಪಿಲ್ಲದಿದ್ದರೆ ಅಂಟು ಮರಳಿಗೆ ಇಳಿಯದೆ ಮೇಲೆಯೇ ಗುಳ್ಳೆಯಾಗಿ ನಿಲ್ಲುತ್ತದೆ. ದೂಳಿನ ವಿಷಯದಲ್ಲಿ ಜಿಪುಣತನ ಬೇಡ. ಗಿಡ, ಹಳಿ, ಶೆಡ್ಡಿನ ಮಾಡು ಎಲ್ಲವೂ ಕೆಂಪಾಗಲಿ.

ಬಹಳ ಮಂದಿ ಎಡವುವುದು ವ್ಯಾಗನ್ನಿನಲ್ಲಿ. ಬಾಕ್ಸ್‌ಎನ್ ಎಂಬ ಮಾಡಿಲ್ಲದ ಸರಕು ವ್ಯಾಗನ್ನಿಗೆ ಕಲ್ಲಿದ್ದಲನ್ನು ತುಂಬುವಂತೆ ಅಂಚಿನವರೆಗೆ ಅದಿರು ತುಂಬುವುದಿಲ್ಲ. ಅದಿರು ಅಷ್ಟು ಭಾರ, ಅರ್ಧ ಎತ್ತರಕ್ಕೆ ಬರುವ ಮೊದಲೇ ತೂಕದ ಮಿತಿ ಮುಗಿಯುತ್ತದೆ. ಅಡಿಯಲ್ಲಿ ಎರಡು ಪುಟ್ಟ ದಿಬ್ಬ ಮಾಡಿದರೆ ಸಾಕು. ದಿಬ್ಬಗಳನ್ನು ರಟ್ಟಿನ ಮೇಲೆ ಅಂಟಿಸಿ, ರಟ್ಟಿನ ಕೆಳಗೊಂದು ಕಬ್ಬಿಣದ ವಾಷರ್ ಇಡಿ. ಆಗ ಅಯಸ್ಕಾಂತ ತಾಗಿಸಿ ಎತ್ತಿದರೆ ಬಂದರಿನಲ್ಲಿ ವ್ಯಾಗನ್ ಖಾಲಿ.