ಎರಡನೇ ಸ್ಥಾನ ಹೇಳುವ ತನಕ ಏಳಬೇಡಿ

ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಪಾಪ ಅನ್ನಿಸಿತು. ಮೈಸೂರಿನಿಂದ ಇಂಡಿಯಾನಾಪೊಲಿಸ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಮೈದಾನದಲ್ಲಿ ಕವಾಯತು ಮಾಡುತ್ತಾ ವಾದ್ಯ ನುಡಿಸುವ ತಂಡಗಳ ಸ್ಪರ್ಧೆ, ಡ್ರಮ್ ಕೋರ್ ಫೈನಲ್ಸ್ ಅಂತ ಒಂದಿದೆ, ನೋಡಲೇಬೇಕು ಅಂತ ಆಫೀಸಿನ ಗೆಳೆಯರೊಬ್ಬರು ಹೇಳಿದರು. ಬನ್ನಿಮಂಟಪದ ಪಂಜಿನ ಕವಾಯತಿನ ಥರ ಇರಬಹುದು ಅಂದುಕೊಂಡು 2025ರ ಆಗಸ್ಟ್‌ನಲ್ಲಿ ಗಂಡ ಹೆಂಡತಿ ಲೂಕಸ್ ಆಯಿಲ್ ಕ್ರೀಡಾಂಗಣಕ್ಕೆ ಹೋದಿರಿ. ಹನ್ನೆರಡನೇ ತಂಡ ಆಟ ಮುಗಿಸಿದ್ದೇ ತಡ, ಪಾರ್ಕಿಂಗ್‌ನಲ್ಲಿ ರಶ್ ಆಗುತ್ತದೆ ಅಂತ ಎದ್ದು ಬಂದಿರಿ. ಕಾರಿನಲ್ಲಿ ಕೂತು ಫೋನಿನಲ್ಲಿ ಫಲಿತಾಂಶ ನೋಡಿದಿರಿ. ಬಾಸ್ಟನ್ ಕ್ರುಸೇಡರ್ಸ್ ಗೆದ್ದಿತು ಅಂತ ಅಲ್ಲಿಂದಲೇ ಗೆಳೆಯರಿಗೆ ಮೆಸೇಜು ಹಾಕಿದಿರಿ. ಅವರು ಅವತ್ತು ಯಾರದೋ ಮದುವೆಗೆ ಬೇರೆ ಊರಿಗೆ ಹೋಗಿದ್ದರು. ಭಾನುವಾರ ಮನೆಗೆ ಬಂದು ರೆಕಾರ್ಡಿಂಗ್ ನೋಡಬೇಕು ಅಂತ ಯಾವ ಸುದ್ದಿಗೂ ಕಿವಿ ಕೊಡದೆ ಕೂತಿದ್ದರಂತೆ. ಸೋಮವಾರದಿಂದ ನಿಮ್ಮ ಜೊತೆ ಮಾತು ಕಮ್ಮಿ.

"ಒಳ್ಳೆ ಸುದ್ದಿಯನ್ನೇ ತಾನೇ ನಾನು ಹೇಳಿದ್ದು? ಒಂದೊಂದು ತಂಡ ಮುಗಿಸಿದ ತಕ್ಷಣ ಬೋರ್ಡಿನಲ್ಲಿ ಅಂಕ ತೋರಿಸಿಬಿಟ್ಟರೆ ಈ ರಗಳೆಯೇ ಇರುವುದಿಲ್ಲ ಅಲ್ವಾ? ಇಂಥ ಜನರ ಜೊತೆ ಹೇಗೆ ಏಗುವುದು?" ಅಂತ ಕೇಳಿದ್ದೀರಿ.

ತಪ್ಪಾಗಿದೆ. ದೊಡ್ಡದಲ್ಲ, ಆದರೆ ಆಗಿದೆ. ನಾನು ಶಿವಮೊಗ್ಗದಿಂದ ಇಲ್ಲಿಗೆ ಬಂದು 22 ವರ್ಷ. ಬಾಡಿಗೆ ಮನೆ, ಇನ್ಶೂರೆನ್ಸ್, ಹಿಮದಲ್ಲಿ ಕಾರು ಓಡಿಸುವುದು, ಇವನ್ನೆಲ್ಲ ಯಾರು ಬೇಕಾದರೂ ಹೇಳಿಕೊಡುತ್ತಾರೆ. ಯಾವ ಸುದ್ದಿ ಯಾವಾಗ ಬಾಯಿಬಿಡಬೇಕು ಅನ್ನುವುದನ್ನು ಮಾತ್ರ ಪೆಟ್ಟು ತಿಂದೇ ಕಲಿಯಬೇಕು. ನಾನು ಕಲಿತದ್ದೂ ಹಾಗೇ.

ಮೊದಲು ಒಂದು ಮಾತು. ಬರೆದಿರುವುದನ್ನು ನೋಡಿ ಕಾರ್ಪ್ಸ್ ಅನ್ನಬೇಡಿ. ಕೋರ್. ನಾನು ಮೊದಲ ವರ್ಷ ಕಾರ್ಪ್ಸ್ ಕಾರ್ಪ್ಸ್ ಅಂತಲೇ ಓಡಾಡಿದೆ. ಕೇಳಿದವರಿಗೆ ಹೆಣದ ಬಗ್ಗೆ ಮಾತಾಡಿದ ಹಾಗೆ ಕೇಳಿಸುತ್ತಿತ್ತಂತೆ.

ಒಂದು ಕೋರ್ ಅಂದರೆ ಒಂದೂವರೆ ನೂರು ಚಿಲ್ಲರೆ ಹುಡುಗ ಹುಡುಗಿಯರು. ಹಿತ್ತಾಳೆ ವಾದ್ಯ, ಡ್ರಮ್ಮು, ಬಾವುಟ ತಿರುಗಿಸುವ ಕಲರ್ ಗಾರ್ಡ್. ಕೊಳಲು, ಕ್ಲ್ಯಾರಿನೆಟ್ ಇಲ್ಲ. ಮುಂದುಗಡೆ ನಿಂತಲ್ಲೇ ಮಾರಿಂಬಾ, ವೈಬ್ರಫೋನ್‌ನಂಥ ಕೋಲಿನಿಂದ ಬಾರಿಸುವ ದೊಡ್ಡ ವಾದ್ಯ ನುಡಿಸುವವರಿಗೆ ಪಿಟ್ ಅನ್ನುತ್ತಾರೆ. ನನ್ನ ಮಗಳು ಅಲ್ಲಿದ್ದಳು, ಎರಡು ಬೇಸಿಗೆ. ಬೇಸಿಗೆ ಪೂರ್ತಿ ಬಸ್ಸಿನಲ್ಲಿ ಊರೂರು ಸುತ್ತುತ್ತಾರೆ. ಯಾವುದೋ ಶಾಲೆಯ ಜಿಮ್ ನೆಲದ ಮೇಲೆ ಮಲಗುತ್ತಾರೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಬಿಸಿಲಲ್ಲಿ ಅಭ್ಯಾಸ. ಇದಕ್ಕೆ ಸಂಬಳ ಇಲ್ಲ, ಉಲ್ಟಾ ನಾವೇ ಸಾವಿರಾರು ಡಾಲರ್ ಕಟ್ಟಬೇಕು. ಊರಿಗೆ ಫೋನ್ ಮಾಡಿ ಹೇಳಿದಾಗ ನನ್ನ ಅತ್ತೆ, "ದುಡ್ಡು ಕೊಟ್ಟು ಮಗೂನ ನೆಲದ ಮೇಲೆ ಮಲಗಿಸ್ತೀರಾ?" ಅಂದರು. ಉತ್ತರ ಇರಲಿಲ್ಲ. ಇಷ್ಟೆಲ್ಲ ಮಾಡುವುದು ಹನ್ನೊಂದು ಹನ್ನೆರಡು ನಿಮಿಷದ ಒಂದೇ ಪ್ರದರ್ಶನಕ್ಕೆ. ವಯಸ್ಸು 21 ದಾಟಿತೋ, ಮುಂದಿನ ವರ್ಷ ಜಾಗವಿಲ್ಲ. ಫೈನಲ್ಸ್ ರಾತ್ರಿ ಮೈದಾನದಲ್ಲಿ ಅಳುತ್ತಾ ನಿಂತಿದ್ದ ಮಕ್ಕಳು ಯಾಕೆ ಅಂತ ಕೇಳಿದ್ದಿರಲ್ಲ, ಬಹಳಷ್ಟು ಮಂದಿಗೆ ಅದೇ ಕೊನೆ.

ಈಗ ಅಂಕದ ವಿಷಯ. ಒಟ್ಟು ನೂರು. ಜನರಲ್ ಎಫೆಕ್ಟ್ ಅಂತ 40, ಅಂದರೆ ಇಡೀ ಪ್ರದರ್ಶನ ನೋಡುವವರನ್ನು ಎಷ್ಟು ಹಿಡಿದು ಕೂರಿಸಿತು ಅನ್ನುವುದಕ್ಕೆ. ಕಣ್ಣಿಗೆ ಕಾಣುವುದಕ್ಕೆ 30, ಸಂಗೀತಕ್ಕೆ 30. ಲೆಕ್ಕ ದಶಾಂಶದ ನಂತರ ಮೂರು ಅಂಕಿಯವರೆಗೆ ಹೋಗುತ್ತದೆ. ನೂರಕ್ಕೆ ಅತಿ ಹತ್ತಿರ ಹೋದದ್ದು 2014ರಲ್ಲಿ ಬ್ಲೂ ಡೆವಿಲ್ಸ್ ಅನ್ನುವ ತಂಡ, 99.650. ಫೈನಲ್ಸ್ ವಾರ ಗುರುವಾರ ಎಲ್ಲರೂ ಆಡುತ್ತಾರೆ, ಶುಕ್ರವಾರ 25 ತಂಡ, ಶನಿವಾರ 12. ಹಿಂದಿನ ದಿನಗಳ ಅಂಕ ಶನಿವಾರಕ್ಕೆ ಸೇರುವುದಿಲ್ಲ. ಕಡಿಮೆ ಬಂದವರು ಮೊದಲು, ಜಾಸ್ತಿ ಬಂದವರು ಕೊನೆಗೆ. ಎಲ್ಲರದ್ದೂ ಮುಗಿದ ಮೇಲೆ ಹನ್ನೆರಡು ತಂಡವೂ ಮೈದಾನಕ್ಕೆ ವಾಪಸ್ ಬಂದು ಸಾಲಾಗಿ ನಿಲ್ಲುತ್ತವೆ. ಆಗ ಹನ್ನೆರಡನೇ ಸ್ಥಾನದಿಂದ ಮೇಲಕ್ಕೆ ಓದುತ್ತಾ ಬರುತ್ತಾರೆ. ನೀವು ಕಾರು ಹುಡುಕುತ್ತಿದ್ದದ್ದು ಆ ಹೊತ್ತಿನಲ್ಲಿ.

ಈ ಓದುವ ಕ್ರಮದಲ್ಲಿ ಒಂದು ಮಜಾ ಇದೆ. ಗೆದ್ದವರ ಹೆಸರು ಹೇಳುವ ಮೊದಲೇ ಗೆದ್ದವರು ಗೊತ್ತಾಗಿಬಿಡುತ್ತಾರೆ. ಮೂರನೆಯವರ ಹೆಸರು ಬಂದಾಗ ಇನ್ನು ಎರಡೇ ತಂಡ ಉಳಿದಿರುತ್ತವೆ. ಎರಡನೆಯವರ ಹೆಸರಿನ ಮೊದಲ ಅಕ್ಷರ ಬಾಯಿಂದ ಬಿದ್ದರೆ ಸಾಕು, ಇನ್ನೊಂದು ತಂಡದವರು ಕುಣಿಯಲು ಶುರು. ಮುಂದಿನದ್ದು ಯಾರಿಗೂ ಕೇಳಿಸುವುದಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಕಾಯುವುದು ಸೋತವರ ಹೆಸರಿಗೆ, ಇದು ನನಗೆ ಈಗಲೂ ವಿಚಿತ್ರವೇ. 1996, 1999, 2000, ಮೂರು ಸಲ ಮೊದಲ ಸ್ಥಾನ ಇಬ್ಬರಿಗೆ ಸಮನಾಗಿ ಹಂಚಿಹೋಗಿದೆ. ಆ ರಾತ್ರಿಗಳಲ್ಲಿ ಎರಡನೇ ಸ್ಥಾನ ಅನ್ನುವ ಮಾತೇ ಬರಲಿಲ್ಲ. ಅಲ್ಲಿ ಇದ್ದವರು ಅದನ್ನು ಇವತ್ತಿಗೂ ಕೈ ಬಾಯಿ ಆಡಿಸಿಕೊಂಡು ಹೇಳುತ್ತಾರೆ.

ನಾನು ಕಣ್ಣಾರೆ ಕಂಡದ್ದು 2008ರದ್ದು. ಆಗ ಫೈನಲ್ಸ್ ನಡೆದದ್ದು ಇಲ್ಲೇ ಬ್ಲೂಮಿಂಗ್ಟನ್‌ನಲ್ಲಿ, ಬಯಲು ಕ್ರೀಡಾಂಗಣ. ಲೂಕಸ್ ಆಯಿಲ್‌ಗೆ ಬಂದದ್ದು 2009ರಿಂದ. ಆಗ ಮಗಳು ಪುಟ್ಟವಳು, ಕೋರ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಒಂದು ಟಿಕೆಟ್ ಜಾಸ್ತಿ ಇದೆ ಅಂತ ನನ್ನನ್ನು ಎಳೆದುಕೊಂಡು ಹೋದರು. ಇಲಿನಾಯ್‌ನ ರಾಕ್‌ಫರ್ಡ್‌ನಿಂದ ಬಂದ ಫ್ಯಾಂಟಮ್ ರೆಜಿಮೆಂಟ್ ಗುಲಾಮರು ತಿರುಗಿಬಿದ್ದ ಸ್ಪಾರ್ಟಕಸ್ ಕಥೆ ಮಾಡಿತ್ತು. ಜನ ಎದ್ದು ನಿಂತು ಅರಚಿದರು. ನನಗೋ ನಿದ್ದೆ, ಮಗುವನ್ನು ಗಂಡನ ಹತ್ತಿರ ಬಿಟ್ಟು ಬಂದ ಚಿಂತೆ ಬೇರೆ. "ಹೊರಡೋಣವೇ?" ಅಂತ ಕೇಳಿದೆ. ಅಜ್ಜಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು, ಬಿಡಲೇ ಇಲ್ಲ. ಎರಡನೇ ಸ್ಥಾನ ಬ್ಲೂ ಡೆವಿಲ್ಸ್, 98.100 ಅಂತ ಕೇಳಿಸಿತು. ಆಮೇಲೆ ಕೇಳಿಸಿದ್ದು ಬರೀ ಕೂಗು. ಫ್ಯಾಂಟಮ್‌ಗೆ 98.125. ಅಂತರ 0.025. ಅಜ್ಜಿ ಅತ್ತರು. ಅವರು ಆ ತಂಡದಲ್ಲಿ ಇದ್ದವರೂ ಅಲ್ಲ, ರಾಕ್‌ಫರ್ಡ್‌ನವರೂ ಅಲ್ಲ. ಮಣಿಕಟ್ಟಿನ ಮೇಲೆ ಅವರ ಉಗುರಿನ ಗುರುತು ಮಾರನೇ ದಿನವೂ ಇತ್ತು.

ಮನೆಗೆ ಬರುತ್ತಾ ಕಾರಿನಲ್ಲಿ ಅವರ ತಂಗಿಗೆ ಫೋನ್ ಮಾಡಿ ಹೇಳಲಾ ಅಂತ ಕೇಳಿದೆ, ಉಪಕಾರ ಅಂದುಕೊಂಡು. "ಅವಳು ಇನ್ನೂ ನೋಡಿಲ್ಲ" ಅಂದರು, ಅಷ್ಟೇ. ಆ ದನಿ ಕೇಳಿ ಸುಮ್ಮನಾದೆ.

ನಮಗೆ ಇದು ಸುಲಭವಾಗಿ ಅರ್ಥವಾಗದಿರುವುದಕ್ಕೆ ಕಾರಣವೂ ಇದೆ. ನಾವು ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಬೆಳೆದವರು. ನೋಟಿಸ್ ಬೋರ್ಡಿಗೆ ಹಾಳೆ ಅಂಟಿಸುವ ಮೊದಲೇ ಯಾರದೋ ಮಾವ ಫೋನ್ ಮಾಡಿ ಹೇಳಿದರೆ ಅವನೇ ದೊಡ್ಡ ಮನುಷ್ಯ. ಅಲ್ಲಿ ಕಾಯುವುದು ಹಿಂಸೆ, ಬೇಗ ಹೇಳುವುದು ಪುಣ್ಯದ ಕೆಲಸ. ಇಲ್ಲಿ ಜನ ದುಡ್ಡು ಕೊಟ್ಟು ಕೊಂಡದ್ದರಲ್ಲಿ ಆ ಕಾಯುವಿಕೆಯೂ ಸೇರಿದೆ.

ಇನ್ನು ನೀವು ಕೇಳಿದ ಬೋರ್ಡಿನ ವಿಷಯ. ಹೊಸಬರ ಪ್ರಶ್ನೆ ಅಂತ ತಳ್ಳಿಹಾಕುವ ಹಾಗಿಲ್ಲ, ಹಳೇ ಅಭಿಮಾನಿಗಳೂ ಇದಕ್ಕೆ ಜಗಳವಾಡುತ್ತಾರೆ. ನಮ್ಮ ಮನೆಯವರು ನಿಮ್ಮ ಪಕ್ಷ. ಜಿಮ್ನಾಸ್ಟಿಕ್ಸ್‌ನಲ್ಲಿ ಹಾರಿ ಇಳಿದ ಸ್ವಲ್ಪ ಹೊತ್ತಿಗೆ ಅಂಕ ಬರುವುದಿಲ್ಲವೇ, ಇವರಿಗೇನು ದೊಡ್ಡಸ್ತಿಕೆ ಅಂತಾರೆ. ನಾನು ಒಪ್ಪುವುದಿಲ್ಲ. ಇಲ್ಲಿ ತೀರ್ಪುಗಾರರು ಒಂದು ತಂಡವನ್ನು ಇನ್ನೊಂದರ ಪಕ್ಕ ಇಟ್ಟು ತೂಗುತ್ತಾರೆ. ಮೊದಲ ತಂಡಕ್ಕೆ ಕೊಟ್ಟ ಅಂಕದ ಮೇಲೆ ಉಳಿದ ಹನ್ನೊಂದು ತಂಡಕ್ಕೆ ಜಾಗ ಬಿಟ್ಟಿರಬೇಕು. ಬೋರ್ಡಿನಲ್ಲಿ ಅಂಕ ಬಿದ್ದು ಜನ ಬೂ ಅಂತ ಕೂಗಿದರು ಅನ್ನಿ, ಮುಂದಿನ ತಂಡಕ್ಕೆ ಅಂಕ ಬರೆಯುವ ಕೈ ಸ್ವಲ್ಪವಾದರೂ ಅಲ್ಲಾಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಗೇಟಿನ ಹತ್ತಿರ ನಿಂತು ತಮ್ಮ ಸರದಿ ಕಾಯುವ ಮಕ್ಕಳ ತಲೆಯಲ್ಲಿ 97.8 ಅನ್ನುವ ಅಂಕಿ ಕೂತುಬಿಡುತ್ತದೆ. ಬೇಸಿಗೆ ಪೂರ್ತಿ ಅಭ್ಯಾಸ ಮಾಡಿದ್ದು ಆ ಅಂಕಿಯನ್ನು ಹೊತ್ತುಕೊಂಡು ಒಳಗೆ ಹೋಗುವುದಕ್ಕಲ್ಲ.

ಆದರೆ ಎಲ್ಲ ರಾತ್ರಿಯೂ ಫೈನಲ್ಸ್ ಅಲ್ಲ. ಇದನ್ನು ಹೇಳಿದರೆ ಪಕ್ಕಾ ಅಭಿಮಾನಿಗಳಿಗೆ ನನ್ನ ಮೇಲೆ ಸಿಟ್ಟು. ಜುಲೈನ ಒಂದು ಮಾಮೂಲಿ ಮಂಗಳವಾರ, ಯಾವುದೋ ಊರಿನ ಶಾಲೆಯ ಮೈದಾನ. ಪ್ರದರ್ಶನ ಮುಗಿಯುವಾಗಲೇ ರಾತ್ರಿ ಹತ್ತೂವರೆ. ಮಕ್ಕಳು ಯೂನಿಫಾರ್ಮ್ ಬಿಚ್ಚಿ, ಮಾರಿಂಬಾಗಳನ್ನು ಟ್ರಕ್ಕಿಗೆ ಏರಿಸಿ, ಏನೋ ಒಂದಿಷ್ಟು ತಿಂದು, ಬಸ್ಸಿನಲ್ಲಿ ಮುದುಡಿಕೊಂಡು ಬೆಳಗಿನ ಜಾವ ಇನ್ನೊಂದು ಊರು ಸೇರಬೇಕು. ಹಿಂದೆಲ್ಲ ಎಲ್ಲ ತಂಡಗಳನ್ನೂ ಮತ್ತೆ ಮೈದಾನಕ್ಕೆ ಕರೆಸಿ ನಿಲ್ಲಿಸುತ್ತಿದ್ದರು. ಅದಕ್ಕೆ ರಿಟ್ರೀಟ್ ಅನ್ನುತ್ತಾರೆ. ಈಗ ಸಣ್ಣ ಪ್ರದರ್ಶನಗಳಲ್ಲಿ ತಂಡದ ಮುಂದಾಳುಗಳಾದ ಡ್ರಮ್ ಮೇಜರ್‌ಗಳು ಮಾತ್ರ ಬಂದು ನಿಂತರೆ ಉಂಟು, ಇಲ್ಲವಾದರೆ ಅದೂ ಇಲ್ಲ. ಹಳಬರು ಇದನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ನನಗೆ ಬೇಸರವಿಲ್ಲ. ಮಗಳು ಫೋನ್‌ನಲ್ಲಿ "ಅಮ್ಮಾ, ನಿದ್ದೆ" ಅಂದದ್ದನ್ನು ಕೇಳಿದವಳು ನಾನು. ಅಂಥ ರಾತ್ರಿ ಬೇಗ ಓದಿ ಮುಗಿಸಿ, ಮಕ್ಕಳನ್ನು ಬಸ್ಸು ಹತ್ತಿಸಿ.

ನನಗೆ ತಡೆಯಲಾಗದ್ದು ಬೇರೆ. ಮಗಳ ಎರಡನೇ ಬೇಸಿಗೆ, ಯಾವ ಊರು ಅಂತ ಹೇಳುವುದಿಲ್ಲ. ಮೈಕಿನಲ್ಲಿ ಧನ್ಯವಾದ, ಪ್ರಾಯೋಜಕರ ಹೆಸರು, ಮತ್ತೆ ಧನ್ಯವಾದ. ಅಷ್ಟರಲ್ಲಿ ಅಂಕಗಳು ಫೋನಿಗೆ ಬಂದುಬಿಟ್ಟಿದ್ದವು. ನನ್ನ ಹಿಂದಿನ ಸಾಲಿನವನೊಬ್ಬ ಗಟ್ಟಿಯಾಗಿ ಓದಿದ. ಅರ್ಧ ಸ್ಟ್ಯಾಂಡಿಗೆ ಗೊತ್ತಾಯಿತು. ಕೆಳಗೆ ಡ್ರಮ್ ಮೇಜರ್‌ಗಳು ಸೆಟೆದುಕೊಂಡು ನಿಂತಿದ್ದಾರೆ, ಅವರ ಹತ್ತಿರ ಫೋನಿಲ್ಲ. ಮೈದಾನದಲ್ಲಿ ನಿಂತವರಿಗೆ ತಮ್ಮ ಸ್ಥಾನ ಗೊತ್ತಿಲ್ಲ, ಪಾಪ್‌ಕಾರ್ನ್ ತಿನ್ನುತ್ತಾ ಕೂತ ನಮಗೆ ಗೊತ್ತು. ಆಮೇಲೆ ಮೈಕಿನಲ್ಲಿ ಓದಿದಾಗ ಚಪ್ಪಾಳೆ ಸಪ್ಪೆ. ಅವರೇನು ತಿಳಿದುಕೊಂಡರೋ, ತಮ್ಮ ಪ್ರದರ್ಶನ ಯಾರಿಗೂ ಹಿಡಿಸಲಿಲ್ಲ ಅಂತಲೋ ಏನೋ. ಹೇಳುವುದು ಬೇಗವಾದರೂ ಸರಿ, ತಡವಾದರೂ ಸರಿ. ಮೈದಾನದಲ್ಲಿ ನಿಂತ ಮಕ್ಕಳಿಗೆ ಮೊದಲು ಹೇಳಿ, ಆಮೇಲೆ ಫೋನಿಗೆ ಹಾಕಿ. ಈ ಒಂದು ವಿಷಯದಲ್ಲಿ ಮಾತ್ರ ನಮ್ಮ ಮನೆಯವರೂ ನಾನೂ ಒಂದೇ ಪಕ್ಷ.

ಅಂಕವೇ ಬೇಡ ಅನ್ನುವವರೂ ಇದ್ದಾರೆ. ಅದನ್ನೂ ನೋಡಿದ್ದೇವೆ. ಕೋವಿಡ್‌ನಿಂದ 2020ರ ಬೇಸಿಗೆ ಪೂರ್ತಿ ರದ್ದಾಯಿತು. 2021ರಲ್ಲಿ ಕೋರ್‌ಗಳು ಲೂಕಸ್ ಆಯಿಲ್‌ಗೆ ಬಂದವು, ಆದರೆ ಸ್ಪರ್ಧೆ ಇಲ್ಲ, ಅಂಕ ಇಲ್ಲ, ಗೆದ್ದವರು ಸೋತವರು ಇಲ್ಲ. ಮಕ್ಕಳು ಚೆನ್ನಾಗಿಯೇ ನುಡಿಸಿದರು. ಎರಡು ವರ್ಷದ ಮೇಲೆ ಆ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು. ಆದರೂ ಎದ್ದು ಬರುವಾಗ ಮಜ್ಜಿಗೆ ಅನ್ನ ಇಲ್ಲದೆ ಊಟ ಮುಗಿಸಿದ ಹಾಗಿತ್ತು.

ನಿಮ್ಮ ಮಗಳು ಮುಂದೆ ಶಾಲೆಯ ಬ್ಯಾಂಡಿಗೆ ಸೇರಿ, ಆಮೇಲೆ ಕೋರ್‌ಗೆ ಹೋಗುವ ಮನಸ್ಸು ಮಾಡಿದರೆ ಒಂದು ಎಚ್ಚರಿಕೆ. ಜೂನ್ ಕೊನೆಯಲ್ಲಿ ಅಂಕ 68 ಅಂತ ಬರುತ್ತದೆ. ಬರೀ ಫಸ್ಟ್ ಕ್ಲಾಸು, ಡಿಸ್ಟಿಂಕ್ಷನ್ನೂ ಇಲ್ಲ ಅಂತ ಮುಖ ಸಣ್ಣ ಮಾಡಬೇಡಿ. ನಾನು ಮಾಡಿದ್ದೆ. "ಎಲ್ಲಿ ತಪ್ಪಾಯಿತು?" ಅಂತ ಮೆಸೇಜು ಕೂಡ ಹಾಕಿದ್ದೆ, ಮಗಳು ಒಂದು ವಾರ ಉತ್ತರ ಕೊಡಲಿಲ್ಲ. ಶುರುವಿನಲ್ಲಿ ಎಲ್ಲರದ್ದೂ ಕಡಿಮೆಯೇ. ವಾರ ವಾರ ಏರುತ್ತಾ ಆಗಸ್ಟ್ ಹೊತ್ತಿಗೆ ಒಳ್ಳೆಯ ತಂಡಗಳು ತೊಂಬತ್ತು ದಾಟುತ್ತವೆ. ನನ್ನನ್ನು ಕೇಳಿದರೆ ಮೊದಲ ಎರಡು ವಾರ ಅಂಕ ಹೇಳುವುದೇ ಬೇಡ. ಅಷ್ಟು ಹೊತ್ತಿಗೆ ಎಷ್ಟೋ ತಂಡಗಳು ಪ್ರದರ್ಶನದ ಕೊನೆಯ ಭಾಗವನ್ನು ಇನ್ನೂ ಕಲಿತೇ ಇರುವುದಿಲ್ಲ. ಮಗಳಿಗೆ ಹೇಳಿದರೆ, "ಅಂಕ ಇಲ್ಲದಿದ್ದರೆ ಏನು ಸರಿಮಾಡಬೇಕು ಅಂತ ನಮಗೆ ಹೇಗೆ ಗೊತ್ತಾಗಬೇಕು?" ಅನ್ನುತ್ತಾಳೆ. ಅವಳ ಮಾತೇ ಸರಿ ಇರಬಹುದು.

ಇನ್ನು ನಿಮ್ಮ ಗೆಳೆಯರು. ಬಾಸ್ಟನ್ ಕ್ರುಸೇಡರ್ಸ್ 1940ರಲ್ಲಿ ಶುರುವಾದ ತಂಡ. ಈ ಸ್ಪರ್ಧೆಯನ್ನು ನಡೆಸುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೊದಲ ಫೈನಲ್ಸ್ ಮಾಡಿತು. ಅಲ್ಲಿಂದ 2025ರವರೆಗೆ ಬಾಸ್ಟನ್‌ಗೆ ಒಂದು ಸಲವೂ ಮೊದಲ ಸ್ಥಾನ ಸಿಕ್ಕಿರಲಿಲ್ಲ. ಅದು ಸಿಕ್ಕ ರಾತ್ರಿಯನ್ನು ಅವರು ಎರಡನೇ ಹೆಸರು ಬರುವ ತನಕ ಉಸಿರು ಹಿಡಿದು ನೋಡಬೇಕು ಅಂತಿದ್ದರು, ನೀವು ಪಾರ್ಕಿಂಗ್‌ನಿಂದ ಮೂರು ಪದದಲ್ಲಿ ಮುಗಿಸಿದಿರಿ. ಅದಕ್ಕೇ ಮುನಿಸು. ನಿಮ್ಮ ಮೇಲೆ ದ್ವೇಷವಲ್ಲ. ಉದ್ದುದ್ದ ಕ್ಷಮೆ ಕೇಳಬೇಡಿ, ಇಲ್ಲಿನವರಿಗೆ ಅದರಿಂದ ಇನ್ನೂ ಮುಜುಗರ. "ನಾನು ನಿಮ್ಮ ಫೈನಲ್ಸ್ ಹಾಳುಮಾಡಿದೆ, ನನಗೆ ಗೊತ್ತಿರಲಿಲ್ಲ" ಅಂತ ಒಂದು ಸಲ ಹೇಳಿ ಬಿಟ್ಟುಬಿಡಿ. ಆಮೇಲೆ ಯಾವ ತಂಡ ಅವರಿಗೆ ಇಷ್ಟ ಅಂತ ಕೇಳಿ. ಮಧ್ಯಾಹ್ನದ ಊಟದ ಹೊತ್ತು ಪೂರ್ತಿ ಅವರೇ ಮಾತಾಡುತ್ತಾರೆ, ನೀವು ನಿಮ್ಮ ಡಬ್ಬಿ ಖಾಲಿ ಮಾಡುತ್ತಾ ಹೂಂಗುಟ್ಟಿದರೆ ಸಾಕು.

ನವೆಂಬರಿನಲ್ಲಿ ಅದೇ ಕ್ರೀಡಾಂಗಣದಲ್ಲಿ ಹೈಸ್ಕೂಲ್ ಬ್ಯಾಂಡ್‌ಗಳ ಗ್ರ್ಯಾಂಡ್ ನ್ಯಾಷನಲ್ಸ್ ಇರುತ್ತದೆ. ನಮ್ಮ ಪಕ್ಕದ ಕಾರ್ಮೆಲ್ ಶಾಲೆಯವರು 2016ರಿಂದ 2018ರವರೆಗೆ ಸತತ ಮೂರು ವರ್ಷ ಗೆದ್ದದ್ದು ಅಲ್ಲೇ. ಅಲ್ಲೂ ಫಲಿತಾಂಶ ಹೇಳುವುದು ಕೊನೆಗೇ. ನಿಮ್ಮ ಗೆಳೆಯರನ್ನೂ ಕರೆಯಿರಿ. ಕಾರನ್ನು ನಾಲ್ಕು ಬೀದಿ ಆಚೆ ನಿಲ್ಲಿಸಿ ನಡೆದುಕೊಂಡು ಬನ್ನಿ, ವಾಪಸ್ ಹೋಗುವಾಗ ಎಷ್ಟು ತಡವಾದರೂ ರಶ್ ಸಿಗುವುದಿಲ್ಲ. ಟೋಪಿ ಮರೆಯಬೇಡಿ, ಅಷ್ಟು ಹೊತ್ತಿಗೆ ಹೊರಗೆ ಚಳಿ ಜೋರಾಗಿರುತ್ತದೆ.