‘ಸರ್ಕಾರಿ ಮಾತ್ರೆ ತಾಗುವುದಿಲ್ಲ’ ಎನ್ನುವ ಗಣಿ ಕಾರ್ಮಿಕರಿಗೆ ಏನು ಹೇಳಲಿ?

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ಮೇಸ್ತ್ರಿ. ನಮ್ಮ ಶೆಡ್ಡುಗಳಲ್ಲಿ ಸುತ್ತಲಿನ ಹಳ್ಳಿಯವರೂ ಒಡಿಶಾ, ಜಾರ್ಖಂಡ್ ಕಡೆಯವರೂ ಇದ್ದಾರೆ. ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಾರೆ, ರಕ್ತ ಪರೀಕ್ಷೆಗೆ ಒಪ್ಪುವುದಿಲ್ಲ. ಮಲೇರಿಯಾಕ್ಕೆ ಚಿಕಿತ್ಸೆ ಪಡೆದ ಒಬ್ಬನಿಗೆ ಎರಡೇ ತಿಂಗಳಲ್ಲಿ ಮತ್ತೆ ಚಳಿಜ್ವರ ಬಂದ ಮೇಲಂತೂ ಸರ್ಕಾರಿ ಮಾತ್ರೆ ತಾಗುವುದಿಲ್ಲ ಎಂಬ ಮಾತು ಹಬ್ಬಿದೆ. ಇವರನ್ನು ಒಪ್ಪಿಸುವುದು ಹೇಗೆ?

ಉತ್ತರ: ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಅಪನಂಬಿಕೆಗಳಿಗೆಲ್ಲ ಬಲ ಬರುವುದು ಅದರಿಂದ. ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾದಲ್ಲಿ ರೋಗಾಣು ರಕ್ತದಲ್ಲಿ ಮಾತ್ರವಲ್ಲದೆ ಯಕೃತ್ತಿನಲ್ಲೂ ಅಡಗಿ ಮಲಗಿರುತ್ತದೆ. ಮೂರು ದಿನದ ಕ್ಲೋರೋಕ್ವಿನ್ ರಕ್ತವನ್ನು ಶುಚಿಗೊಳಿಸುತ್ತದೆ. ಯಕೃತ್ತಿನಲ್ಲಿ ಉಳಿದದ್ದನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್ ನುಂಗಬೇಕು. ಮೂರನೆಯ ದಿನಕ್ಕೆ ಜ್ವರ ಇಳಿದು ಮೈ ಹಗುರವಾದವನು, ಬರಿಹೊಟ್ಟೆಯಲ್ಲಿ ನುಂಗಿದರೆ ಸಂಕಟ ತರುವ ಮಾತ್ರೆಯನ್ನು ಇನ್ನೂ ಹನ್ನೊಂದು ದಿನ ಏಕೆ ನುಂಗಲಿ ಎಂದುಕೊಳ್ಳುವುದು ಸಹಜ. ಎರಡು ತಿಂಗಳ ನಂತರ ಮರಳಿದ ಜ್ವರ ಹಾಗೆ ಅರ್ಧಕ್ಕೆ ಬಿಟ್ಟ ಚಿಕಿತ್ಸೆಯ ಫಲವಾಗಿರಬಹುದು, ಹೊಸದಾಗಿ ಸೊಳ್ಳೆ ಕಚ್ಚಿಯೂ ಬಂದಿರಬಹುದು. ಆದ್ದರಿಂದ ಅವನು ಹಿಂದೆ ಎಷ್ಟು ದಿನ ಮಾತ್ರೆ ನುಂಗಿದ್ದನೆಂದು, ಗದರಿಸದೆ, ಮೊದಲು ಕೇಳಿ. ಪ್ರೈಮಾಕ್ವಿನ್ ಎಲ್ಲರಿಗೂ ಸಲ್ಲುವ ಔಷಧಿಯಲ್ಲ: ಗರ್ಭಿಣಿಯರಿಗೆ ಮತ್ತು ಹಸುಗೂಸುಗಳಿಗೆ ಅದನ್ನು ಕೊಡುವುದಿಲ್ಲ, ಮೂತ್ರ ಕಪ್ಪುಗೂಡಿದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಬಿಸಿಲು, ದೂಳು, ದುಡಿಮೆಯಿಂದ ಬಂದ ಜ್ವರವಿದು ಎಂಬ ಅವರ ನಂಬಿಕೆಯನ್ನು ಮೌಢ್ಯವೆಂದು ತಳ್ಳಿಹಾಕಲಾರೆ. ತೆರೆದ ಗಣಿಯಲ್ಲಿ ದಿನವಿಡೀ ದುಡಿದವನಿಗೆ ಮೈಕೈ ನೋವು ಎಂದಿನದೇ, ಮೊದಲ ದಿನದ ಮಲೇರಿಯಾವೂ ಹಾಗೆಯೇ ಕಾಣುತ್ತದೆ. ಅಂಗಡಿಯ ಪ್ಯಾರಸಿಟಮಾಲ್ ಜ್ವರವನ್ನು ಇಳಿಸುತ್ತದೆಯೇ ಹೊರತು ರೋಗಾಣುವನ್ನು ಮುಟ್ಟುವುದಿಲ್ಲ. ಮಲೇರಿಯಾ ಹೆಚ್ಚಿರುವ ಊರಿನಲ್ಲಿ ಬೆಳೆದವರಲ್ಲಿ ಒಂದಿಷ್ಟು ಪ್ರತಿರೋಧ ಶಕ್ತಿ ಬೆಳೆದಿರುವುದರಿಂದ ‘ಇದು ನಮಗೆ ಮಾಮೂಲಿ’ ಎನ್ನುತ್ತಾರೆ. ಆದರೆ ಊರು ಬಿಟ್ಟು ಬಹುಕಾಲವಾದರೆ ಆ ಶಕ್ತಿ ಕುಗ್ಗುತ್ತದೆ. ಫಾಲ್ಸಿಪಾರಂ ಬಗೆಯದಾಗಿದ್ದರೆ ಒಂದೆರಡು ದಿನಗಳ ವಿಳಂಬವೂ ಮಿದುಳಿಗೆ ಅಪಾಯ ತರಬಹುದು.

ಆದರೂ ನನ್ನ ಅನುಭವದಲ್ಲಿ ನಂಬಿಕೆಗಿಂತ ದೊಡ್ಡ ಅಡ್ಡಿ ಕೂಲಿಯ ಲೆಕ್ಕ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮತ್ತು ಮಾತ್ರೆ ಎರಡೂ ಉಚಿತ, ನಿಜ. ಹೋಗಿಬರುವ ದಿನದ ಕೂಲಿ ಮಾತ್ರ ಉಚಿತವಲ್ಲ. ಸಂಜೆ ಪಾಳಿ ಮುಗಿದ ಮೇಲೆ ಗ್ಲೂಕೋಸ್ ಏರಿಸುವವನ ಬಳಿ ದುಡ್ಡು ಹೋದರೂ ಹಾಜರಿ ಉಳಿಯುತ್ತದೆ. ರೋಗ ಪತ್ತೆಯಾದರೆ ಗುತ್ತಿಗೆದಾರ ಊರಿಗೆ ಕಳುಹಿಸಿಬಿಡುತ್ತಾನೆಂಬ ಭಯ ಬೇರೆ. ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿದೆ: ಪರೀಕ್ಷೆಗೆ ಹೋದ ಹೊತ್ತಿಗೆ ಕೂಲಿ ಕಡಿತವಿಲ್ಲ, ಮಲೇರಿಯಾ ಬಂದವನ ಕೆಲಸಕ್ಕೆ ಕುತ್ತಿಲ್ಲ ಎಂದು ಗುತ್ತಿಗೆದಾರನಿಂದ ಒಪ್ಪಿಗೆ ಪಡೆದು ಎಲ್ಲರೆದುರು ಹೇಳಿಸಿ. ಗೋಡೆಗೆ ಅಂಟಿಸುವ ಭಿತ್ತಿಪತ್ರಗಳಿಗಿಂತ ಇದರ ಮೇಲೆ ನನಗೆ ಹೆಚ್ಚು ಭರವಸೆ.

ಪರೀಕ್ಷೆಯನ್ನೇ ಶೆಡ್ಡಿಗೆ ತರಿಸಲೂ ಸಾಧ್ಯ. ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಸಿಬ್ಬಂದಿ ಬೆರಳ ತುದಿಯ ಒಂದು ಹನಿ ರಕ್ತವನ್ನು ಕಿಟ್‌ಗೆ ಹಾಕಿದರೆ ಸುಮಾರು 20 ನಿಮಿಷಗಳಲ್ಲಿ ಫಲಿತಾಂಶ ತಿಳಿಯುತ್ತದೆ. ರಕ್ತ ತೆಗೆದರೆ ಶಕ್ತಿ ಕುಂದುತ್ತದೆ ಎನ್ನುವವರ ಎದುರು ನೀವೇ ಮೊದಲು ಬೆರಳು ಚಾಚುವುದು ಒಳ್ಳೆಯದು.

ನಮ್ಮದು ಬರದ ಸೀಮೆ, ಇಲ್ಲಿ ಮಲೇರಿಯಾ ಎಲ್ಲಿಂದ ಬರಬೇಕು ಎನ್ನುವವರನ್ನೂ ಕಂಡಿದ್ದೇನೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ಚರಂಡಿಯ ಕೊಳಚೆಗಿಂತ ಹಳೆಯ ಗಣಿಗುಂಡಿಗಳಲ್ಲಿ ನಿಂತ ತಿಳಿಯಾದ ಮಳೆನೀರು, ಮುಚ್ಚಳವಿಲ್ಲದ ನೀರಿನ ತೊಟ್ಟಿಗಳೇ ಹೆಚ್ಚು ಅನುಕೂಲ.

ಜ್ವರ ಮರಳಿದ ಆ ಕಾರ್ಮಿಕನನ್ನು ಹಳೆಯ ಚೀಟಿಯೊಂದಿಗೆ ಇಂದೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಕೆಲವು ಕಿಟ್‌ಗಳು ಫಾಲ್ಸಿಪಾರಂ ಗುಣವಾದ ಮೇಲೂ ಕೆಲವು ವಾರ ರೋಗವಿದೆ ಎಂದೇ ತೋರಿಸುತ್ತವೆ. ಆದಕಾರಣ ಅವನಿಗೆ ಗಾಜಿನ ಪಟ್ಟಿಯ ಮೇಲೆ ರಕ್ತ ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯನ್ನೇ ಮಾಡಿಸಿ. ಈ ಸಲದ ಮಾತ್ರೆಗಳನ್ನು ಪ್ರತಿದಿನ ಊಟವಾದ ಮೇಲೆ, ನಿಮ್ಮ ಕಣ್ಣೆದುರಿಗೇ ನುಂಗಿಸಿ.