ಇವತ್ತು ಮನೆ, ನಾಳೆ ಕ್ಲಿನಿಕ್: ಕಟ್ಟುವಾಗಲೇ ಏನು ನೋಡಿಕೊಳ್ಳಬೇಕು?

ಪ್ರಶ್ನೆ: ಮೂರು ಅಂತಸ್ತಿನ ಕಟ್ಟಡ ಕಟ್ಟಿಸುತ್ತಿದ್ದೇವೆ. ಸದ್ಯಕ್ಕೆ ಮೂರರಲ್ಲೂ ಮನೆ. ಹತ್ತು ಹದಿನೈದು ವರ್ಷ ಬಿಟ್ಟು ಕೆಳಗಿನದನ್ನು ಕ್ಲಿನಿಕ್ಕಿಗೋ, ಮಧ್ಯದ್ದನ್ನು ಆಫೀಸಿಗೋ ಕೊಡಬೇಕಾಗಬಹುದು. ಒಳಗೆಲ್ಲ ಜರುಗಿಸುವ ಗೋಡೆ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ: ಆ ದುಡ್ಡು ಉಳಿಸಿ. ನಾನು ನೋಡಿದ ಮಟ್ಟಿಗೆ ಜರುಗಿಸುವ ಗೋಡೆಯನ್ನು ಮೊದಲ ವರ್ಷ ನಾಲ್ಕು ಸಲ ಎಳೆದಾಡುತ್ತಾರೆ, ಆಮೇಲೆ ಬೀರು ತಂದು ಒರಗಿಸಿಬಿಡುತ್ತಾರೆ. ಪಿಲ್ಲರಿನ ಮೇಲೆ ನಿಂತ ಕಟ್ಟಡದಲ್ಲಿ ಒಳಗೋಡೆಯನ್ನು ಎಂದು ಬೇಕಾದರೂ ಒಡೆಯಬಹುದು. ಪಿಲ್ಲರ್, ಸ್ಲ್ಯಾಬ್, ಮೆಟ್ಟಿಲು, ಎತ್ತರ ಹಾಗಲ್ಲ. ಕೈ ಬಿಚ್ಚಬೇಕಾದದ್ದು ಅಲ್ಲಿ. ಹಂದರ ಬೇರೆ, ಅದರೊಳಗೆ ತುಂಬುವುದು ಬೇರೆ ಎಂದು ನೆದರ್ಲೆಂಡ್ಸ್‌ನ ವಾಸ್ತುಶಿಲ್ಪಿ ಜಾನ್ ಹಾಬ್ರಾಕೆನ್ 1961ರಲ್ಲೇ ವಾದಿಸಿದ್ದರು.

ಮನೆಗೆ 10 ಅಡಿ ಎತ್ತರ ಸಾಕು. ಎಸಿ ಡಕ್ಟು, ಫಾಲ್ಸ್ ಸೀಲಿಂಗು ಬಂದರೆ ಅದರಲ್ಲಿ ಒಂದೂವರೆ ಅಡಿ ಹೋಯಿತು. ನೆಲಮಹಡಿಗೆ 13 ಅಡಿ ಕೊಡಿ. ಪ್ಯಾರಿಸ್ಸಿನ ಓರ್ಸೇ ರೈಲು ನಿಲ್ದಾಣ ಶುರುವಾದದ್ದು 1900ರಲ್ಲಿ. ರೈಲುಗಳು ಉದ್ದವಾಗಿ ಪ್ಲಾಟ್‌ಫಾರ್ಮ್ ಸಾಲದೆ, 1939ಕ್ಕೆ ದೂರದ ರೈಲುಗಳು ಅಲ್ಲಿಗೆ ಬರುವುದು ನಿಂತಿತು. 1986ರಲ್ಲಿ ಅದೇ ಕಟ್ಟಡ ಮ್ಯೂಸಿಯಂ ಆಯಿತು. ಉದ್ದ ಕೈಕೊಟ್ಟರೂ ಎತ್ತರ ಕಾಪಾಡಿತು.

ಭಾರದ ವಿಷಯದಲ್ಲಿ ನಿಮಗೆ ಅರ್ಧ ಚಿಂತೆ ಕಡಿಮೆ. ಕೆಳಗೆ ನೆಲಮಾಳಿಗೆ ಇಲ್ಲದಿದ್ದರೆ ನೆಲಮಹಡಿಯ ಭಾರವನ್ನು ಮಣ್ಣೇ ಹೊರುತ್ತದೆ. ಮಧ್ಯದ ಮಹಡಿಯದ್ದು ಹಾಗಲ್ಲ. ಮನೆಯ ಸ್ಲ್ಯಾಬಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಲೆಕ್ಕ ಹಿಡಿಯುತ್ತಾರೆ. ಆಫೀಸಿನಲ್ಲಿ ಫೈಲಿನ ರ್‍ಯಾಕ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ಅದು ಎಲ್ಲಿಗೂ ಸಾಲದು. ಅಲ್ಲಿಗೆ 400 ಹಿಡಿಯಲು ಎಂಜಿನಿಯರಿಗೆ ಹೇಳಿ, ಡ್ರಾಯಿಂಗಿನ ಮೇಲೆ ಬರೆಸಿಕೊಳ್ಳಿ. ಪಾಯಕ್ಕೂ ಅದೇ ಲೆಕ್ಕ ಇಳಿಯಬೇಕು.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಕ್ಲಿನಿಕ್ ಬಂದಾಗ ಕೆಳಗಿನ ಇಟ್ಟಿಗೆ ಗೋಡೆಗಳನ್ನು ಒಡೆದು ಹಾಲ್ ಮಾಡುತ್ತಾರೆ, ಮೇಲೆ ಗೋಡೆಗಳು ಹಾಗೇ ಇರುತ್ತವೆ. ಭೂಕಂಪವಾದರೆ ಆಗ ಬರೀ ಪಿಲ್ಲರುಗಳ ಮೇಲೆ ನಿಂತ ಆ ಮಹಡಿಯೇ ಮೊದಲು ಮಡಿಚಿಕೊಳ್ಳುವುದು. ಕೆಳಗೆ ಒಳಗೋಡೆಯೇ ಇಲ್ಲ ಎಂದುಕೊಂಡು ಪಿಲ್ಲರಿನ ಲೆಕ್ಕ ಮಾಡಿಸಿ.

ಪೈಪುಗಳನ್ನು ಸ್ಲ್ಯಾಬಿನಲ್ಲಿ ಹುಗಿಯಬೇಡಿ. ಹುಗಿದರೆ ಮುಂದೆ ಒಂದು ಕಮೋಡನ್ನು ನಾಲ್ಕಡಿ ಸರಿಸಲು ಕೆಳಗಿನ ಮನೆಯವರ ಸೂರು ಒಡೆಯಬೇಕಾಗುತ್ತದೆ. ಬಚ್ಚಲು, ಅಡುಗೆಮನೆಗಳನ್ನು ಮೂರೂ ಮಹಡಿಯಲ್ಲಿ ಒಂದರ ಮೇಲೊಂದು ಬರುವಂತೆ ಒಂದೇ ಶಾಫ್ಟಿನ, ಅಂದರೆ ಪೈಪುಗಳು ಮೇಲಿನಿಂದ ಕೆಳಗೆ ಇಳಿಯುವ ಕಿಂಡಿಯ ಸುತ್ತ ಇಡಿ. ಪ್ಲಂಬರ್ ಸ್ಪ್ಯಾನರ್ ಹಿಡಿದು ಒಳಗೆ ನಿಲ್ಲುವಷ್ಟು ಅಗಲ, ಅದಕ್ಕೊಂದು ಬಾಗಿಲು ಇರಲಿ.

ಮೆಟ್ಟಿಲು ಕ್ಲಿನಿಕ್ಕಿನ ಒಳಗಿಂದ ಹಾಯದೆ ನೇರ ಹೊರಗೆ ಬಾಗಿಲು ತೆರೆಯಲಿ. ಬಳಕೆ ಬದಲಿಸುವಾಗ ಅನುಮತಿ ಬೇಕಾಗುತ್ತದೆ, ಅದು ಆಗಿನ ಮಾತು. ಈಗ ಮಾಡಬೇಕಾದದ್ದು, ಒಳಗೆ ಏನು ಎಲ್ಲಿದೆ ಎಂದು ಮುಂದೆ ಗೊತ್ತಾಗಲು, ಪ್ಲಾಸ್ಟರಿಗೆ ಮೊದಲು ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ಫೋಟೊ ತೆಗೆದು, ಡ್ರಾಯಿಂಗಿನ ಜೊತೆ ಕ್ರಯಪತ್ರ ಇಡುವ ಕಡೆಯೇ ಇಡಿ.